ಸೈಲೆನ್ಸರ್ ಬ್ಯಾಂಡಿನ ಕಿಲಾರಿ

ಮುತ್ತುರಾಜ ಹಾಡು ಕಲಿತದ್ದು ಲಾರಿ ಇಂಜಿನ್ನಿನ ಸದ್ದಿನ ಮೇಲೆ. ಚಳ್ಳಕೆರೆಯಲ್ಲಿ ಬಳ್ಳಾರಿ ರಸ್ತೆಯ ಪಕ್ಕ ದಾದಾಪೀರ್ ಸಾಹೇಬರ ಗ್ಯಾರೇಜಿತ್ತು. ಐಟಿಐ ಮುಗಿಸಿ ಅಲ್ಲಿ ಕೆಲಸಕ್ಕೆ ನಿಂತ ಹೊಸದರಲ್ಲಿ ಅವನು ಲಾರಿಯ ಅಡಿ ಅಂಗಾತ ಮಲಗಿ, ಮೇಲೆ ಕ್ಯಾಬಿನ್ನಿನಲ್ಲಿ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದ ಸಾಹೇಬರ ಮಗ ಶಹನವಾಜನಿಗೆ ‘ಸಾಕು’, ‘ಇನ್ನೊಂಚೂರು’ ಎಂದು ಕೂಗಿ ಹೇಳಬೇಕಿತ್ತು. ಬರೀ ಕೂಗಿದರೆ ಇಂಜಿನ್ನು ನುಂಗಿಹಾಕುತ್ತಿತ್ತು. ಹೊಟ್ಟೆಯಿಂದ ಎತ್ತಿ, ರಾಗ ಹಚ್ಚಿ ಕೂಗಿದರೆ ಮಾತ್ರ ದನಿ ಸದ್ದನ್ನು ಸೀಳಿಕೊಂಡು ಮೇಲೆ ಬರುತ್ತಿತ್ತು. ಒಂದು ದಿನ ಶಹನವಾಜ ಇಂಜಿನ್ ಆರಿಸಿ, ಕೆಳಗಿಳಿದು, ಲಾರಿಯಡಿ ಬಗ್ಗಿ ನೋಡಿದ.

‘ಲೇ, ಇನ್ನೊಂದ್ಸಲ ಕೂಗು.’

‘ಯಾಕೋ? ಸಡಿಲ ಬೋಲ್ಟ್ ಸಿಕ್ತಲ್ಲ.’

‘ಬೋಲ್ಟಿಗೆ ಬೆಂಕಿ ಬೀಳ್ಲಿ. ಕೂಗಲೇ!’

ಶಹನವಾಜನ ಹತ್ತಿರ ಒಂದು ಗಿಟಾರಿತ್ತು. ಬಳ್ಳಾರಿಯ ಪಾದ್ರಿಯೊಬ್ಬರು ಊರು ಬಿಡುವಾಗ ಕೊಟ್ಟುಹೋದದ್ದು. ಅದಿರು ಸಾಗಿಸುವ ಡ್ರೈವರುಗಳು ಗೋವಾದಿಂದ ತಂದುಕೊಡುತ್ತಿದ್ದ ಇಂಗ್ಲಿಷ್ ಕ್ಯಾಸೆಟ್ಟುಗಳನ್ನು ಹಾಕಿಕೊಂಡು, ತಂತಿಯ ಮೇಲೆ ಬೆರಳು ಒಡೆಯುವ ತನಕ ಅವನು ಒಬ್ಬನೇ ಕಲಿತಿದ್ದ. ಮುತ್ತುರಾಜನಿಗೆ ಆ ಹಾಡುಗಳ ಪದ ಒಂದೂ ತಿಳಿಯುತ್ತಿರಲಿಲ್ಲ. ಆದರೆ ಅವುಗಳ ಸಿಟ್ಟು ತಿಳಿಯುತ್ತಿತ್ತು. ಎಣ್ಣೆ ಮಿಲ್ಲಿನ ಫೋರ್‌ಮನ್ನನ ಮಗ ಲೋಹಿತ ಡ್ರಮ್ಮಿಗೆ ಸೇರಿಕೊಂಡ. ಸೈಲೆನ್ಸರ್ ಕಳಚಿದ ಬುಲೆಟ್ ಬೈಕಿನ ಹಾಗೆ ಇವರ ಹಾಡು ಎಂದು ದಾದಾಪೀರ್ ಸಾಹೇಬರು ಬೈದರು. ಆ ಬೈಗುಳವನ್ನೇ ಹೆಸರು ಮಾಡಿಕೊಂಡು ‘ಸೈಲೆನ್ಸರ್’ ಬ್ಯಾಂಡು ಹುಟ್ಟಿತು.

ತೊಂಬತ್ತೈದರಿಂದ ಮುಂದಿನ ಮೂರ್ನಾಲ್ಕು ವರ್ಷ ಚಳ್ಳಕೆರೆ, ಮೊಳಕಾಲ್ಮೂರು, ರಾಯದುರ್ಗದ ಕಡೆ ಕಾಲೇಜು ಗ್ಯಾದರಿಂಗಿದ್ದರೆ, ಗಣಪತಿ ಕೂರಿಸಿದ್ದರೆ, ಅಲ್ಲಿ ಸೈಲೆನ್ಸರ್ ಇರಲೇಬೇಕಿತ್ತು. ಎಲ್ಲಕ್ಕಿಂತ ಹೆಸರಾದದ್ದು ಇಳಿಜಾರಿನ ಹಾಡು. ಅದನ್ನು ಶಹನವಾಜನೂ ಮುತ್ತುರಾಜನೂ ಕೂಡಿ, ಬ್ರೇಕ್ ಹಿಡಿಯದ ಒಂದು ಲಾರಿಯನ್ನು ಟ್ರಯಲ್ ನೋಡಿಕೊಂಡು ಬರುವಾಗ ಕಟ್ಟಿದ್ದರು.

ಇಳಿಜಾರೈತೆ, ಬ್ರೇಕಿಲ್ಲಲೇ,
ಇಳಿಯೋನಿದ್ರೆ ಈಗ್ಲೇ ಇಳಿಲೇ!

ಎರಡನೇ ಸಾಲಿಗೆ ಮುತ್ತುರಾಜ ಸ್ಪೀಕರ್ ಡಬ್ಬದ ಮೇಲಿಂದ ಜಿಗಿಯುತ್ತಿದ್ದ. ಹೆಗಲಿಗೆ ಬೀಳುವ ಕೂದಲು, ಮಂಡಿಯಲ್ಲಿ ಹರಿದ ಜೀನ್ಸು. ಹುಡುಗರು ಅಂಗಿ ಬಿಚ್ಚಿ ತಿರುಗಿಸುತ್ತಿದ್ದರು. ಬಳ್ಳಾರಿಯಲ್ಲಿ ರೆಕಾರ್ಡಿಂಗ್ ಕೋಣೆಯಿಟ್ಟಿದ್ದ ಜಂಬುಲಿಂಗಪ್ಪ ಅವರ ಹಾಡುಗಳ ಒಂದು ಕ್ಯಾಸೆಟ್ಟನ್ನೂ ತಂದ. ಖಾಸಗಿ ಬಸ್ಸುಗಳಲ್ಲಿ ಅದು ಟೇಪು ಸವೆಯುವಷ್ಟು ಓಡಿತು.

ಆ ಹೊತ್ತಿಗೆ ಮುತ್ತುರಾಜನ ಅಪ್ಪ ಓಬಯ್ಯ ಹಾವು ಕಚ್ಚಿ ಸತ್ತ.

ಮುತ್ತುರಾಜನ ಊರು ರಾಂಪುರದ ಹಿಂದಣ ಎತ್ತಿನಗುಡ್ಡದ ಹಟ್ಟಿ. ಅಲ್ಲಿ ದೇವರ ಹೆಸರಿಗೆ ಬಿಟ್ಟ ದನಗಳ ಒಂದು ಹಿಂಡಿತ್ತು. ಅವಕ್ಕೆ ನೊಗ ಹೂಡುವಂತಿಲ್ಲ, ಅವುಗಳ ಹಾಲು ಮಾರುವಂತಿಲ್ಲ, ಮುದಿಯಾದರೂ ಹಟ್ಟಿಯ ಗಡಿ ದಾಟಿಸುವಂತಿಲ್ಲ. ಅವನ್ನು ಕಾಯುವವನೇ ಕಿಲಾರಿ. ಓಬಯ್ಯ ಸಾಯುವ ತನಕ ಆ ಹಿಂಡಿನ ಕಿಲಾರಿಯಾಗಿದ್ದ. ಹಗಲೆಲ್ಲ ಗುಡ್ಡದಲ್ಲಿ ಮೇಯಿಸಿ, ಹೊತ್ತು ಮುಳುಗುವ ಮೊದಲು ಮುಳ್ಳುಬೇಲಿಯ ರೊಪ್ಪಕ್ಕೆ ಹೊಡೆದು, ಬಾಯಿಗೆ ಜಾಲಿಮುಳ್ಳಿನ ಕದ ಅಡ್ಡ ಎಳೆದು, ಪಕ್ಕದ ಗುಡಿಸಲಲ್ಲಿ ಮಲಗುತ್ತಿದ್ದ. ಮುತ್ತುರಾಜ ಅಪ್ಪನನ್ನು ಕಂಡದ್ದಕ್ಕಿಂತ ಅಪ್ಪನ ಬೆನ್ನನ್ನು ಕಂಡದ್ದೇ ಹೆಚ್ಚು.

ತಿಥಿ ಮುಗಿದ ಮೇಲೆ ಹಟ್ಟಿಯ ಯಜಮಾನ ಯರ್ರಪ್ಪ ಓಬಯ್ಯನ ಬೆಡಗಿನ, ಅಂದರೆ ಕುಲದ, ಗಂಡಸರನ್ನೆಲ್ಲ ಗುಡಿಯ ಮುಂದೆ ಕರೆಸಿದ. ಒಬ್ಬೊಬ್ಬರಾಗಿ ದೇವರೆದುರು ನಿಲ್ಲಬೇಕು. ಯಾರು ನಿಂತಾಗ ದೇವರ ಬಲಗಡೆಯಿಂದ ಹೂ ಬೀಳುತ್ತದೋ ಅವನೇ ಮುಂದಿನ ಕಿಲಾರಿ. ಮುತ್ತುರಾಜ ಜೀನ್ಸಿನ ಮೇಲೆ ಟವೆಲ್ ಸುತ್ತಿಕೊಂಡು, ಮಧ್ಯಾಹ್ನದ ಬಸ್ಸು ತಪ್ಪೀತು ಎಂದುಕೊಳ್ಳುತ್ತಲೇ ನಿಂತ. ಬಲಗಡೆಯ ಕಣಗಿಲೆ ಹೂ ಜಾರಿ ಅವನ ಕಾಲ ಬೆರಳ ಹತ್ತಿರ ಬಿತ್ತು.

ಅವನಿಗೆ ಮೊದಲು ನಗು ಬಂತು. ಸುತ್ತ ಯಾರೂ ನಗಲಿಲ್ಲ.

‘ಮಾಮ, ನನಗೆ ದನದ ಕೆಲಸ ಏನ್ ಗೊತ್ತೈತೆ? ಮುಂದಿನ ವಾರ ಹಿರಿಯೂರಲ್ಲಿ ಪ್ರೋಗ್ರಾಂ ಐತೆ’ ಎಂದ.

‘ಒಂದು ವರ್ಷ ಮಾಡು ನಾಯನಾ,’ ಯರ್ರಪ್ಪ ಮೆಲ್ಲಗೆ ಹೇಳಿದ. ‘ಬರೋ ಹಬ್ಬಕ್ಕೆ ಮತ್ತೆ ಹೂ ಕೇಳಾನ. ಆಗ ಬ್ಯಾರೆಯೋರಿಗೆ ಬಿದ್ರೆ ನೀನು ನಿನ್ನ ದಾರಿ ಹಿಡಿ. ಆಗೋದಿಲ್ಲ ಅಂದ್ರೆ ನಾನೇನು ಕಟ್ಟಿಹಾಕ್ತೀನಾ? ಆದ್ರೆ ನಿಮ್ಮವ್ವ ಇಲ್ಲೇ ಬದುಕಬೇಕು.’

ಮುತ್ತುರಾಜ ಅವ್ವನ ಕಡೆ ನೋಡಿದ. ಪಾಲಮ್ಮ ಹೆಂಗಸರ ನಡುವೆ ನೆಲ ನೋಡುತ್ತ ನಿಂತಿದ್ದಳು. ಅವಳು ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮುತ್ತುರಾಜ ಬಗ್ಗಿ ಹೂವೆತ್ತಿಕೊಂಡ.

ಕಿಲಾರಿ ಕಾಲಿಗೆ ಚಪ್ಪಲಿ ಹಾಕುವಂತಿಲ್ಲ. ಮನೆಯ ಮಡಕೆಯಲ್ಲಿ ಬೆಂದದ್ದನ್ನಲ್ಲದೆ ಬೇರೆ ಉಣ್ಣುವಂತಿಲ್ಲ. ಹೊತ್ತು ಮುಳುಗಿದ ಮೇಲೆ ರೊಪ್ಪ ಬಿಟ್ಟು ಕದಲುವಂತಿಲ್ಲ. ಹೆಂಗಸರ ನೆರಳು ರೊಪ್ಪದೊಳಗೆ ಬೀಳುವಂತಿಲ್ಲ. ಅವನ ಉದ್ದ ಕೂದಲಿಗೆ ಮಾತ್ರ ಯಾರ ತಕರಾರೂ ಬರಲಿಲ್ಲ. ಕಿಲಾರಿಯಾದವನು ಕೂದಲು ತೆಗೆಸುವಂತೆಯೇ ಇರಲಿಲ್ಲ.

ಮೊದಲ ಹಬ್ಬ ಬಂದಾಗ ಹೂ ಯಾರಿಗೂ ಬೀಳಲಿಲ್ಲ. ‘ದೇವರು ಸುಮ್ನಾದ್ರೆ ಇದ್ದೋನೇ ಇರಬೇಕು’ ಎಂದು ಹಿರಿಯರು ತೀರ್ಮಾನಿಸಿದರು. ಅದರ ಮರುವಾರ ಮುತ್ತುರಾಜ ಹಿಂಡನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸಿ, ಓಡಿಹೋಗಬೇಕೆಂದೇ ರಾಂಪುರದ ಬಸ್ ಸ್ಟ್ಯಾಂಡಿಗೆ ನಡೆದ. ಚಳ್ಳಕೆರೆಯ ಬಸ್ಸು ಬಂದು ನಿಂತಿತು. ಅವನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಒಳಗಿಂದ ಇಳಿಯುತ್ತಿದ್ದ ಹಣ್ಣು ಮುದುಕನೊಬ್ಬ, ಇವನ ಬರಿಗಾಲು, ಹೆಗಲ ಕಂಬಳಿ, ಕೈಯ ಬೆತ್ತ ನೋಡಿದವನೇ ಸರಕ್ಕನೆ ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ‘ಎತ್ತುಗಳು ಚೆನ್ನಾಗದಾವಾ ಸಾಮಿ?’ ಎಂದು ಕೇಳಿದ. ಕಂಡಕ್ಟರ್ ಕೂಡ ಕೈ ಮುಗಿದ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು.

‘ಚೆನ್ನಾಗದಾವಪ್ಪ’ ಎಂದ ಮುತ್ತುರಾಜ. ಕಾಲು ಹಿಂದಕ್ಕೆ ತೆಗೆದ. ಬಸ್ಸು ಹೊರಟುಹೋಯಿತು. ಯಾರಾದರೂ ಅಡ್ಡ ನಿಂತಿದ್ದರೆ, ಬೈದಿದ್ದರೆ, ಅವನು ತಳ್ಳಿಕೊಂಡು ಹತ್ತುತ್ತಿದ್ದ. ಕಾಲು ಹಿಡಿದವರನ್ನು ದಾಟಿ ಹೋಗುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಗುಡ್ಡದಲ್ಲಿ ಅವನು ಹಾಡಲು ನೋಡಿದ್ದ. ಮೊದಮೊದಲು ಬ್ಯಾಂಡಿನ ಹಾಡುಗಳನ್ನೇ ಸ್ಟೇಜಿನ ಮೇಲೆ ಹೇಗೋ ಹಾಗೇ ಅರಚುತ್ತಿದ್ದ. ಒಂದು ಸಲ ಇಳಿಜಾರಿನ ಹಾಡಿಗೆ ಹಿಂಡು ಬೆದರಿ ಚೆಲ್ಲಾಪಿಲ್ಲಿಯಾಗಿ, ಗಬ್ಬದ ಹಸುವೊಂದು ಕಲ್ಲಿನ ಮೇಲೆ ಬಿದ್ದು ಮೊಣಕಾಲು ಕಿತ್ತುಕೊಂಡಿತು. ಅಂದಿನಿಂದ ಅವನು ದನಿ ತಗ್ಗಿಸಿದ. ಹಾಡಿನ ಓಟವನ್ನು ದನಗಳ ನಡಿಗೆಗೆ ಇಳಿಸಿದ. ‘ಬ್ರೇಕಿಲ್ಲಲೇ’ ಎಂಬಲ್ಲಿ ಕೂಗದೆ ಉಸಿರು ಬಿಟ್ಟ. ಕೆಂಪು ಹೋರಿಯೊಂದು ಮೇಯುವುದು ನಿಲ್ಲಿಸಿ ಕಿವಿ ಇತ್ತ ತಿರುಗಿಸಿತು. ಹೀಗೆ ಒಂದೊಂದೇ ಹಾಡು ಅವನ ಬಾಯಲ್ಲಿ ಬೇರೆಯಾಗುತ್ತ ಹೋಯಿತು. ಅವನಿಗೆ ಅದರಲ್ಲಿ ಸಂತೋಷವೇನೂ ಆಗಲಿಲ್ಲ. ದೊಡ್ಡ ದನಿಯನ್ನು ದಿನಕ್ಕಿಷ್ಟರಂತೆ ಹೂಳುತ್ತಿದ್ದೇನೆ ಎನ್ನಿಸುತ್ತಿತ್ತು.

ಅದನ್ನು ಮೊದಲು ಕೇಳಿದವನು ಶಹನವಾಜ. ಬ್ಯಾಂಡು ಆಗ ಕುಂಟುತ್ತಿತ್ತು. ಲೋಹಿತನೇ ಹಾಡುತ್ತಿದ್ದ, ಜನ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಶಹನವಾಜ ಬೈಕಿನಲ್ಲಿ ಹಟ್ಟಿಗೆ ಬಂದು, ಪಾಲಮ್ಮ ತೋರಿಸಿದ ದಿಕ್ಕಿಗೆ ಗುಡ್ಡ ಹತ್ತಿ, ಬಂಡೆಯ ಹಿಂದೆ ನಿಂತುಬಿಟ್ಟ. ಹಾಡು ಮುಗಿದ ಮೇಲೆ ಮುಂದೆ ಬಂದ.

‘ಅರೆ, ನಮ್ಮ ಹಾಡಿಗೆ ಏನ್ ಮಾಡಿದೀಯೋ?’

‘ದನ ಬೆದರ್ತವೆ ಕಣೋ. ಅದಕ್ಕೆ.’

‘ನಾವು ಕಟ್ಟಿದ್ದು ಗಾಡಿ ಬ್ರೇಕಿನ ಹಾಡು. ನೀನು ಹಾಡಿದ್ರೆ ಮನುಷ್ಯ ಸಾಯ್ತಾ ಇದಾನೆ ಅನಿಸ್ತೈತೆ.’ ಶಹನವಾಜ ಬಂಡೆಯ ಮೇಲೆ ಕೂತು ಸಿಗರೇಟು ತೆಗೆದು, ಎದುರಿಗಿರುವುದು ದೇವರ ದನವೆಂದು ನೆನಪಾಗಿ ಮತ್ತೆ ಜೇಬಿಗಿಟ್ಟ. ‘ಇದನ್ನ ರೆಕಾರ್ಡ್ ಮಾಡಾನ. ನೀನೊಬ್ಬನೇ. ಕ್ಯಾಸೆಟ್ ಮೇಲೆ ನಿನ್ನ ಹೆಸರೇ ಇರ್ಲಿ. ಅರ್ಧ ನಮ್ಮ ಹಳೇ ಹಾಡು, ನೀನು ಈಗ ಹಾಡೋ ಥರ. ಇನ್ನರ್ಧ ಬ್ಯಾರೆಯೋರ ಹಾಡು, ನಿನಗೆ ಯಾವ್ದು ಬೇಕೋ ಅದು.’

‘ಬಳ್ಳಾರಿಗೆ ನಾನು ಹೆಂಗೆ ಬರ್ಲಿ?’

‘ಬೆಳಿಗ್ಗೆ ದನ ಗುಡ್ಡಕ್ಕೆ ಹೊಡ್ದು ಬಂದ್ಬಿಡು. ಹೊತ್ತು ಮುಳುಗೋದ್ರಾಗೆ ನಾನೇ ತಂದ್ಬಿಡ್ತೀನಿ.’

ಯರ್ರಪ್ಪ ಬೇಡವೆನ್ನಲಿಲ್ಲ. ಕಿಲಾರಿಯ ನೇಮದಲ್ಲಿ ಹಾಡಬಾರದೆಂದು ಎಲ್ಲೂ ಇರಲಿಲ್ಲ. ‘ಕದ ಎಳಿಯೋ ಹೊತ್ತಿಗೆ ಇಲ್ಲಿರಬೇಕು. ಅದೊಂದು ತಪ್ಪಬೇಡ’ ಎಂದಷ್ಟೇ ಹೇಳಿದ. ಹಗಲು ಹಿಂಡನ್ನು ನೋಡಿಕೊಳ್ಳಲು ಚಿಕ್ಕಪ್ಪನ ಮಗ ಒಪ್ಪಿದ.

ಹೀಗೆ ಆ ಬೇಸಿಗೆಯಲ್ಲಿ ಮುತ್ತುರಾಜ ವಾರಕ್ಕೊಮ್ಮೆ ಬೈಕಿನ ಹಿಂದೆ ಕೂತು, ಬರಿಗಾಲಲ್ಲಿ, ಬುತ್ತಿ ಕಟ್ಟಿಕೊಂಡು ಬಳ್ಳಾರಿಗೆ ಹೋದ. ಜಂಬುಲಿಂಗಪ್ಪನ ರೆಕಾರ್ಡಿಂಗ್ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗೆಲ್ಲ ತೆಂಗಿನ ನಾರಿನ ಹಾಸಿಗೆ ಹೊಡೆದಿದ್ದರು. ಬಾಗಿಲು ಹಾಕಿದರೆ ತನ್ನ ಉಸಿರೇ ತನ್ನ ಕಿವಿಗೆ ಹೊಡೆಯುತ್ತಿತ್ತು. ಹಿಂದೊಮ್ಮೆ ಇದೇ ಕೋಣೆಯಲ್ಲಿ ಹಾರಿ ಕುಣಿದು ಹಾಡಿದವನಿಗೆ ಈಗ ಮೊದಲ ದಿನ ದನಿಯೇ ಏಳಲಿಲ್ಲ. ನೀರು ಕುಡಿದ, ಓಡಾಡಿದ, ಬೆವರಿದ.

‘ಏನಪ್ಪಾ, ಗುಡ್ಡದಾಗೆ ಬಿಟ್ಟು ಬಂದ್ಯಾ ಗಂಟ್ಲನ್ನ?’ ಜಂಬುಲಿಂಗಪ್ಪ ಗಾಜಿನ ಆಚೆಯಿಂದ ಕೇಳಿದ.

‘ಬಾಗಿಲು ತೆಗೀರಿ.’

‘ಬಾಗಿಲು ತೆಗುದ್ರೆ ಬಜಾರೆಲ್ಲ ರೆಕಾರ್ಡ್ ಆಗ್ತೈತಲ್ಲೋ!’

‘ಆಗ್ಲಿ ಬಿಡ್ರಿ. ಮುಚ್ಚಿದ್ರೆ ನನ್ನಿಂದ ಆಗಂಗಿಲ್ಲ.’

ಕೊನೆಗೆ ಹಿತ್ತಲ ಬಾಗಿಲು ತೆರೆದಿಟ್ಟರು. ಆ ಕ್ಯಾಸೆಟ್ಟಿನಲ್ಲಿ ಕಿವಿಗೊಟ್ಟು ಕೇಳಿದರೆ ಕಾಗೆಯ ಕೂಗು, ದೂರದ ಸೈಕಲ್ ಗಂಟೆ, ಎಲ್ಲ ಇವೆ. ಶಹನವಾಜ ಗಿಟಾರಿನ ತಂತಿಯನ್ನು ಸುಮ್ಮನೆ ಮುಟ್ಟಿ ಮುಟ್ಟಿ ಬಿಡುತ್ತಿದ್ದ. ಲೋಹಿತ ಡ್ರಮ್ಮು ಬಿಟ್ಟು ಮರದ ತುಂಡೊಂದನ್ನು ಬಡಿದ. ತಾನು ಹಾಡುತ್ತಿದ್ದ ಜಾಗಕ್ಕೆ ಮುತ್ತುರಾಜ ಮತ್ತೆ ಬಂದು ನಿಂತನೆಂಬ ಕಸಿವಿಸಿ ಅವನ ಮುಖದಲ್ಲಿತ್ತು.

ಬೇರೆಯವರ ಹಾಡುಗಳನ್ನು ಆರಿಸುವಾಗ ಮುತ್ತುರಾಜ ಸಿನಿಮಾ ಹಾಡಿನ ತಂಟೆಗೆ ಹೋಗಲಿಲ್ಲ. ಶಹನವಾಜನ ತಾಯಿ ಹಜರಾ ಬೀ ಅಕ್ಕಿ ಆರಿಸುತ್ತ ಗುನುಗುತ್ತಿದ್ದ ಉರ್ದು ಹಾಡೊಂದನ್ನು ಹಾಡಿದ. ಅದು ಮದುವೆಯಾಗಿ ಹೋಗುವ ಹುಡುಗಿ ತವರಿನ ಬಾಗಿಲನ್ನು ಮಾತಾಡಿಸುವ ಹಾಡು. ಹೊಸಪೇಟೆಯ ಇನ್ನೊಂದು ಬ್ಯಾಂಡಿನವರ ಕುಡುಕರ ಹಾಡನ್ನು ಅವರನ್ನು ಕೇಳಿಯೇ ತೆಗೆದುಕೊಂಡು ಜೋಗುಳದಂತೆ ಹಾಡಿದ. ಕೊನೆಯದು ಪಾಲಮ್ಮನ ಹಾಡು. ಪಾಲಮ್ಮ ಗಡಿಯಾಚೆಯ ತೆಲುಗು ಸೀಮೆಯಿಂದ ಬಂದವಳು. ಮದುವೆಯಾಗಿ ಬಂದಂದಿನಿಂದ, ಗಂಡ ರೊಪ್ಪ ಬಿಟ್ಟು ಮನೆಗೆ ಬಾರದಿದ್ದ ದಿನಗಳಲ್ಲಿ, ರಾಗಿ ಬೀಸುತ್ತ ತನ್ನ ಊರಿನ ಹಳ್ಳ, ಹೊಂಗೆಮರ, ತಂಗಿಯರನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಅದನ್ನು ಮುತ್ತುರಾಜ ತೊಡೆಯ ಮೇಲೆ ಮಲಗಿ ಕೇಳಿದ್ದ.

ಆ ಹಾಡು ಉಳಿದಿದ್ದ ದಿನ ಬಳ್ಳಾರಿಯಲ್ಲಿ ಕರೆಂಟು ಹೋಯಿತು. ಬಂದಾಗ ಬಿಸಿಲು ಇಳಿಯುತ್ತಿತ್ತು. ಶಹನವಾಜ ಗಿಟಾರ್ ಚೀಲಕ್ಕೆ ತುಂಬಿ ಬೈಕಿನ ಚಾವಿ ತೆಗೆದ.

‘ನಡಿ, ಮುಂದಿನ ವಾರ ಮಾಡಾನ.’

ಮುತ್ತುರಾಜ ಹಿತ್ತಲ ಬಾಗಿಲಿನ ಬೆಳಕು ನೋಡಿದ. ಈಗ ಎದ್ದರೆ ಸರಿಯಾದ ಹೊತ್ತಿಗೆ ಮುಟ್ಟಬಹುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ‘ಇದೊಂದು ಆಗ್ಲಿ’ ಎಂದ. ಮೊದಲ ಸಲ ಹಾಡಿದ್ದು ಸರಿಬರಲಿಲ್ಲ, ಮತ್ತೆ ಹಾಡಿದ. ಅದೂ ಸಾಲದೆಂದು ಮತ್ತೊಮ್ಮೆ. ಯಾರೂ ಅವನನ್ನು ತಡೆದಿರಲಿಲ್ಲ. ಬಹಳ ಕಾಲದ ಮೇಲೆ ತಾನೇ ಬೇಕೆಂದು ನಿಂತ ಹೊತ್ತು ಅದು.

ಹಟ್ಟಿ ಮುಟ್ಟುವಾಗ ಕತ್ತಲು ಕವಿದಿತ್ತು. ಬೈಕಿನಿಂದ ಇಳಿದವನೇ ಓಡಿದ. ಹಗಲು ದನ ಕಾಯುವ ಚಿಕ್ಕಪ್ಪನ ಮಗ ಹಿಂಡನ್ನು ರೊಪ್ಪದ ಹತ್ತಿರ ಬಿಟ್ಟು ಮನೆಗೆ ಹೋಗುವುದು ವಾಡಿಕೆ. ಒಳಗೆ ಹೊಡೆದು ಕದ ಎಳೆಯುವುದು ಕಿಲಾರಿಯದೇ ಕೈಯಾಗಬೇಕು. ಹಿಂಡು ಗುಡ್ಡಕ್ಕೆ ಮರಳಿದ್ದರೆ? ತೋಳ ಬಿದ್ದಿದ್ದರೆ? ರೊಪ್ಪದ ಹತ್ತಿರ ಬಂದು ನೋಡಿದರೆ ಕದ ಎಳೆದಿತ್ತು. ಒಳಗೆ ದನಗಳು ಮೆಲುಕು ಹಾಕುತ್ತ ಮಲಗಿದ್ದವು.

ಗುಡಿಸಲ ಮುಂದೆ ಪಾಲಮ್ಮ ಮುದ್ದೆಯ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಬುಡ್ಡಿದೀಪದಲ್ಲಿ ಅವಳ ಎರಡೂ ಮುಂಗೈ ಕಾಣಿಸಿದವು. ಜಾಲಿಮುಳ್ಳು ಗೀರಿದ ಗಾಯಗಳಿಂದ ರಕ್ತ ಒಸರಿ ಒಣಗಿತ್ತು.

‘ಅವ್ವಾ, ನೀನು…’

‘ಕೈ ತೊಳ್ಕಂಡು ಉಣ್ಣು.’

‘ನೀನು ಒಳಕ್ಕೆ ಹೋದ್ಯಾ?’

‘ಹೊರಗಡೆ ಗಾಬರಿಬಿದ್ದು ನಿಂತಿದ್ವು. ಕೂಗಿದೆ, ಬಂದ್ವು.’ ಪಾಲಮ್ಮ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ‘ಯಾರೂ ನೋಡಿಲ್ಲ. ನೀನೂ ನೋಡಿಲ್ಲ. ಉಣ್ಣಪ್ಪ, ಆರಿಹೋಗ್ತೈತೆ.’

ಅವನು ಉಂಡ. ಅಂದಿನಿಂದ ಅವರಿಬ್ಬರ ನಡುವೆ ಆ ಮಾತು ಬರಲಿಲ್ಲ. ಆದರೆ ಪಾಲಮ್ಮ ಗುಡಿಯ ಮುಂದೆ ಹಾಯುವಾಗ ದಾರಿ ಬಿಟ್ಟು ಸುತ್ತಿ ಹೋಗತೊಡಗಿದ್ದನ್ನು ಮುತ್ತುರಾಜ ಗಮನಿಸಿದ. ಒಂದು ಸಂಜೆಗಾಗಿ ಅವ್ವನ ಎದೆಯಲ್ಲಿ ತಾನು ಮುಳ್ಳು ನೆಟ್ಟೆನೆಂದು ಅವನಿಗೆ ಅರಿವಾಯಿತು. ಇನ್ನು ಓಡಿಹೋಗುವ ಮಾತೇ ಇರಲಿಲ್ಲ. ಅವನು ಹೋಗಿ, ನಾಳೆ ಏನಾದರೂ ಕೇಡಾಗಿ, ಕೇಳುವವರ ಮುಂದೆ ಅವಳೊಬ್ಬಳೇ ನಿಲ್ಲುವುದನ್ನು ನೆನೆದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಕೇಡು ಮಳೆಗಾಲದ ಕೊನೆಯಲ್ಲಿ ಬಂತು. ಸೀಮೆಗೆಲ್ಲ ಕಾಲುಬಾಯಿ ಜ್ವರ ಹಬ್ಬಿತು. ದನಗಳ ಬಾಯಿಂದ ಜೊಲ್ಲು ಸುರಿಯಿತು, ಗೊರಸು ಬಿರಿಯಿತು. ಮುತ್ತುರಾಜ ಬೇವಿನೆಲೆ ಕುದಿಸಿದ ನೀರಿನಲ್ಲಿ ಗಾಯ ತೊಳೆದ; ಮೇವು ಮುಟ್ಟದ ಕರುಗಳ ಬಾಯಿಗೆ ಗಂಜಿಯನ್ನು ಬೆರಳಿಂದ ಒರೆಸಿದ. ಮೊಳಕಾಲ್ಮೂರಿನಿಂದ ಬಂದ ಪಶುವೈದ್ಯರು ಇದು ಎಲ್ಲ ಊರಲ್ಲೂ ಇದೆ, ಗಾಳಿಯಲ್ಲಿ ಹರಡುವ ರೋಗ ಎಂದು ಹೇಳಿ ಸೂಜಿ ಹಾಕಿ ಹೋದರು. ಆದರೂ ಕರುಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ಅವನ ಹಾಡಿಗೆ ಕಿವಿ ತಿರುಗಿಸಿದ್ದ ಕೆಂಪು ಹೋರಿಯೂ ಹೋಯಿತು. ಗುಂಡಿ ತೋಡಿ ತೋಡಿ ಮುತ್ತುರಾಜನ ಅಂಗೈ ಸುಲಿದವು.

ಹಟ್ಟಿಯ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಯರ್ರಪ್ಪ ಎಲ್ಲರನ್ನೂ ನೋಡಿ ಕೇಳಿದ: ‘ಡಾಕ್ಟ್ರು ಹೇಳಿದ್ದು ಡಾಕ್ಟ್ರಿಗೆ. ನೇಮ ತಪ್ಪಿದೋರು ಯಾರಾರ ಇದ್ರೆ ಈಗ್ಲೇ ಹೇಳ್ರಿ.’

ಹೆಂಗಸರ ಸಾಲಿನಲ್ಲಿ ಪಾಲಮ್ಮ ಏಳಲು ನೆಲಕ್ಕೆ ಕೈಯೂರಿದಳು. ಅಷ್ಟರಲ್ಲಿ ಮುತ್ತುರಾಜ ಎದ್ದು ನಿಂತ.

‘ನಾನು ತಪ್ಪೀನಿ. ರೆಕಾರ್ಡಿಂಗ್ ದಿನ ಹೊತ್ತು ಮುಳುಗಿದ ಮ್ಯಾಲೆ ಬಂದೆ. ಕತ್ತಲಾಗೆ ಕದ ಎಳೆದೆ.’

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಅವ್ವನನ್ನು ಕಾಯಬೇಕೆಂಬುದು ನಿಜ. ಆದರೆ ಒಳಗೆ ಇನ್ನೊಂದು ಆಸೆಯೂ ತಲೆಯೆತ್ತಿತ್ತು. ತಪ್ಪಿದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೆತ್ತ ಕಿತ್ತುಕೊಂಡು ಕಳಿಸಿಬಿಡುತ್ತಾರೆ. ಬೈಸಿಕೊಂಡಾದರೂ ಸರಿ, ನಾಳೆ ಚಳ್ಳಕೆರೆಯಲ್ಲಿರುತ್ತೇನೆ.

ಹಿರಿಯರು ಬಹಳ ಹೊತ್ತು ಮಾತಾಡಿಕೊಂಡರು. ಆಮೇಲೆ ಯರ್ರಪ್ಪ ಹೇಳಿದ: ‘ತಪ್ಪು ಒಪ್ಕಂಡೆ, ಒಳ್ಳೇದಾತು. ಮಾಡಿದೋನೇ ತೀರಿಸಬೇಕು. ಹಿಂಡು ಮೊದ್ಲು ಎಷ್ಟಿತ್ತೋ ಅಷ್ಟಾಗೋ ತನಕ ನೀನೇ ಕಿಲಾರಿ. ಅಲ್ಲೀವರೆಗೂ ಹೂ ಕೇಳೋದಿಲ್ಲ. ರೊಪ್ಪ ಬಿಟ್ಟು ಬಳ್ಳಾರಿಗೂ ಹೋಗಂಗಿಲ್ಲ, ಚಳ್ಳಕೆರೆಗೂ ಹೋಗಂಗಿಲ್ಲ.’

ಅದೇ ತಿಂಗಳು ಕ್ಯಾಸೆಟ್ ಹೊರಬಂತು. ಚಳ್ಳಕೆರೆಯಲ್ಲಿ ಬಿಡುಗಡೆಯ ಕಾರ್ಯಕ್ರಮವಾಯಿತು. ಹಾಡಿದವನೇ ಇರಲಿಲ್ಲವಾಗಿ, ಲೋಹಿತ ಅವನಂತೆಯೇ ದನಿ ತಗ್ಗಿಸಿ ಹಾಡಿದ. ಶಹನವಾಜ ಒಂದು ಕ್ಯಾಸೆಟ್ಟನ್ನೂ ಟೇಪ್ ರೆಕಾರ್ಡರನ್ನೂ ಹಟ್ಟಿಗೆ ತಂದ. ರಕ್ಷಾಪುಟದ ಮೇಲೆ ಜಂಬುಲಿಂಗಪ್ಪ ‘ಕಿಲಾರಿ ಮುತ್ತುರಾಜ್’ ಎಂದು ಅಚ್ಚು ಹಾಕಿಸಿದ್ದ.

‘ಈ ಹೆಸರು ಯಾರು ಇಡಾಕೆ ಹೇಳಿದ್ರು?’ ಮುತ್ತುರಾಜ ಕೇಳಿದ.

‘ಅವನೇ ಇಟ್ಟ. ಹಿಂಗಿದ್ರೆ ಜನ ತಗೋತಾರೆ ಅಂದ.’ ಶಹನವಾಜ ತಲೆ ತಗ್ಗಿಸಿದ. ‘ನಾನೂ ಬ್ಯಾಡ ಅನ್ಲಿಲ್ಲ ದೋಸ್ತ್.’

ಪಾಲಮ್ಮ ಮಗನ ಹಾಡನ್ನು ಕೇಳಿದ್ದು ಅಂದೇ ಮೊದಲು. ಬ್ಯಾಂಡಿನ ಕಾಲದಲ್ಲಿ ಅವಳು ಯಾವ ಕಾರ್ಯಕ್ರಮಕ್ಕೂ ಹೋದವಳಲ್ಲ. ಗೋಡೆಗೆ ಒರಗಿ, ಮೊಣಕಾಲು ಅಪ್ಪಿಕೊಂಡು ಕೇಳುತ್ತ ಹೋದಳು. ಕೊನೆಯಲ್ಲಿ ತನ್ನ ಹಳ್ಳ, ತನ್ನ ಹೊಂಗೆಮರ, ತನ್ನ ತಂಗಿಯರ ಹೆಸರು ಟೇಪಿನಿಂದ ಹೊರಬಂದಾಗ ಬೆಚ್ಚಿಬಿದ್ದಳು. ‘ಬಂದ್ ಮಾಡಪ್ಪ,’ ಎಂದಳು. ಟೇಪು ನಿಂತ ಮೇಲೆ ‘ಇದಕ್ಕಾ ನೀನು ಅವತ್ತು ತಡ ಮಾಡಿದ್ದು?’ ಎಂದು ಕೇಳಿದಳು.

ಮುತ್ತುರಾಜ ಹೌದೆಂದು ತಲೆಯಾಡಿಸಿದ. ಪಾಲಮ್ಮ ಎದ್ದು ಒಲೆಯ ಮುಂದೆ ಹೋಗಿ ಕೂತಳು.

ಕ್ಯಾಸೆಟ್ ಹಳೆಯದಕ್ಕಿಂತ ಚೆನ್ನಾಗಿ ಓಡಿತು. ಪೇಪರಿನವರು ಬಂದು, ಎತ್ತಿನ ಕೊರಳು ತಬ್ಬಿಕೊಂಡು ನಿಲ್ಲಿಸಿ ಅವನ ಫೋಟೊ ತೆಗೆದರು. ಗುಡ್ಡದಲ್ಲಿ ಹಾಡುವುದೆಷ್ಟು ಸುಖ, ಪೇಟೆಯ ಗದ್ದಲ ಬೇಡವೆಂದು ಬಂದಿರಾ ಎಂದು ಕೇಳಿದರು. ಇಲ್ಲ, ಬಿಟ್ಟರೆ ಈಗಲೇ ಹೋಗುತ್ತೇನೆ ಎಂದ ಮುತ್ತುರಾಜ. ಅದನ್ನು ಅವರು ಬರೆದುಕೊಳ್ಳಲಿಲ್ಲ.

ಹಿಂಡು ಬೆಳೆಯುವುದು ಮನುಷ್ಯರ ಅವಸರಕ್ಕಲ್ಲ. ಒಂದು ವರ್ಷ ಕರು ಹುಟ್ಟಿದರೆ ಇನ್ನೊಂದು ವರ್ಷ ಮೇವಿಲ್ಲ. ಮುತ್ತುರಾಜನ ಕಿವಿಯ ಹತ್ತಿರ ಬಿಳಿಕೂದಲು ಬಂದವು. ಹಾಡುವುದನ್ನು ಬಿಟ್ಟ. ಗುಡ್ಡದಲ್ಲಿ ಅವನ ಬಾಯಿಂದ ಈಗ ಹೊರಡುತ್ತಿದ್ದುದು ದನ ತಿರುಗಿಸುವ ‘ಹೋ… ಹೋ…’ ಮಾತ್ರ. ಪಾಲಮ್ಮ ದಿನವೂ ಬುತ್ತಿ ತಂದು ದೂರದ ಕಲ್ಲಿನ ಮೇಲಿಟ್ಟು, ಅವನ ಬೆನ್ನು ನೋಡಿಕೊಂಡು ನಿಲ್ಲುತ್ತಿದ್ದಳು. ಒಂದು ಕಾಲಕ್ಕೆ ಅವಳು ಗಂಡನ ಬೆನ್ನನ್ನೂ ಹಾಗೇ ನೋಡಿದ್ದಳು.

ಒಂದು ಬೆಳಿಗ್ಗೆ ಅವಳು ಯಾರನ್ನೂ ಕೇಳದೆ ಯರ್ರಪ್ಪನ ಮನೆಗೆ ಹೋದಳು. ಅವನು ಆಗಲೇ ಹಣ್ಣಾಗಿದ್ದ. ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ.

‘ಅಣ್ಣಾ, ಅವತ್ತು ಕದ ಎಳೆದದ್ದು ಅವನಲ್ಲ. ನಾನು.’

ಯರ್ರಪ್ಪ ಅವಳ ಮುಖವನ್ನೇ ನೋಡಿದ. ‘ರೊಪ್ಪದೊಳಕ್ಕೆ ಕಾಲಿಟ್ಯಾ?’

‘ಇಟ್ಟೆ. ದನ ಹೊರಗೆ ಚೆಲ್ಲಾಡ್ತಿದ್ವು. ಕರೆದೆ, ಹಿಂದೆ ಬಂದ್ವು. ಏನು ಶಿಕ್ಷೆ ಕೊಡ್ತೀಯೋ ನನಗೆ ಕೊಡು. ಮಾಡದೇ ಇರೋದಕ್ಕೆ ಅವನು ಎಷ್ಟು ವರ್ಷ ತೀರಿಸಬೇಕು?’

ಯರ್ರಪ್ಪ ಮೊಣಕಾಲು ಸವರಿಕೊಂಡ.

‘ಬೆಳಗಾಗೋ ತನಕ ಎಲ್ಲ ಒಳಗೇ ಇದ್ವಾ?’

‘ಇದ್ವು.’

‘ಹಂಗಾದ್ರೆ ಮನೆಗೆ ಹೋಗಮ್ಮ. ಇನ್ಯಾರಿಗೂ ಹೇಳಬ್ಯಾಡ.’

ಮುಂದಿನ ಹಬ್ಬಕ್ಕೆ ಹಿಂಡಿನ ಲೆಕ್ಕ ಸರಿಹೋಗಿದೆಯೋ ಇಲ್ಲವೋ ಎಂದು ಯರ್ರಪ್ಪ ಯಾರನ್ನೂ ಕೇಳಗೊಡಲಿಲ್ಲ. ಹೂ ಕೇಳಬೇಕೆಂದ. ಚಿಕ್ಕಪ್ಪನ ಮಗ ನಿಂತಾಗ ಹೂ ಬಿತ್ತು. ಅವನಿಗೆ ಅದು ಬೇಕಾಗಿಯೇ ಇತ್ತು, ಅಳುತ್ತ ಎತ್ತಿಕೊಂಡ. ಮುತ್ತುರಾಜ ಬೆತ್ತವನ್ನು ಅವನ ಕೈಗೆ ಕೊಟ್ಟು, ಸಂಜೆಯ ಬಸ್ಸಿಗೆ ಚಳ್ಳಕೆರೆಗೆ ಹೋದ. ಶಹನವಾಜ ಬಸ್ ಸ್ಟ್ಯಾಂಡಿನ ಹತ್ತಿರವೇ ಒಂದು ಜೊತೆ ಚಪ್ಪಲಿ ಕೊಡಿಸಿದ. ಗ್ಯಾರೇಜು ಮುಟ್ಟುವಷ್ಟರಲ್ಲಿ ಅವನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದ್ದವು.

ಬ್ಯಾಂಡು ಮತ್ತೆ ಕೂಡಿತು. ಮೊದಲ ಕಾರ್ಯಕ್ರಮ ಚಳ್ಳಕೆರೆಯ ಮೈದಾನದಲ್ಲಿ. ಸ್ಟೇಜಿನ ಹಿಂದೆ ಕಾರ್ಯಕ್ರಮ ನಡೆಸುವವರೊಬ್ಬರು ಕಂಬಳಿ, ಬೆತ್ತ ಹಿಡಿದು ಕಾಯುತ್ತಿದ್ದರು. ‘ಜನ ಕಿಲಾರಿನ ನೋಡಾಕೆ ಬಂದಾರೆ ಸಾರ್. ಚಪ್ಪಲಿ ಬಿಟ್ಟು ಬರ್ರಿ.’ ಅವನು ಕಂಬಳಿ ಹೊದ್ದು, ಹೇಳಿದ ಕಡೆ ನಿಂತು, ತಗ್ಗಿಸಿದ ದನಿಯಲ್ಲಿ ಹಾಡಿದ. ಜನ ಭಕ್ತಿಯಿಂದ ಕೂತು ಕೇಳಿದರು. ಮಧ್ಯದಲ್ಲಿ ಅವನಿಗೆ ತಡೆಯದಾಯಿತು. ಶಹನವಾಜನ ಕಡೆ ತಿರುಗಿ ‘ಹಳೇದು, ಜೋರಾಗಿ’ ಎಂದ. ಗಿಟಾರು ಕಿರುಚಿತು. ಮುತ್ತುರಾಜ ಹೊಟ್ಟೆಯಿಂದ ದನಿ ಎತ್ತಿದ. ಅದು ಎದೆಯವರೆಗೆ ಬಂದು ಒಡೆಯಿತು. ಮತ್ತೆ ಎತ್ತಿದ, ಮತ್ತೆ ಒಡೆಯಿತು. ಇಂಜಿನ್ನನ್ನು ಸೀಳುತ್ತಿದ್ದ ದನಿ ಎಲ್ಲೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ‘ಬ್ಯಾಡ, ಅದು ಬ್ಯಾಡ, ನಿಧಾನದ್ದು ಹೇಳ್ರಿ’ ಎಂದು ಕೂಗಿದರು. ಅವನು ನಿಧಾನದ್ದನ್ನೇ ಹೇಳಿದ.

ಹಗಲು ಗ್ಯಾರೇಜು, ಯಾವಾಗಲಾದರೊಮ್ಮೆ ಕಂಬಳಿ ಹೊದ್ದು ಕಾರ್ಯಕ್ರಮ. ಹಾಗೇ ನಡೆಯಿತು. ಹಟ್ಟಿಯ ರೊಪ್ಪಕ್ಕೆ ಹೊರಬರಲು ಒಂದು ಬಾಯಿಯಾದರೂ ಇತ್ತು, ಈ ಕಂಬಳಿಗೆ ಅದೂ ಇಲ್ಲ ಎಂದು ಅವನು ಒಮ್ಮೆ ಶಹನವಾಜನ ಹತ್ತಿರ ಹೇಳಿಕೊಂಡ.

ಎರಡು ಸಾವಿರದ ಆರರ ಚಳಿಗಾಲದಲ್ಲಿ ಮೊಳಕಾಲ್ಮೂರಿನಲ್ಲಿ ಕಾರ್ಯಕ್ರಮವಿತ್ತು. ತಾನೂ ಬರುತ್ತೇನೆಂದು ಪಾಲಮ್ಮ ಹಠ ಹಿಡಿದಳು. ಶಹನವಾಜ ಅವಳನ್ನು ಸ್ಟೇಜಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದ. ಮುತ್ತುರಾಜ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಬೇಕೆನ್ನುವಾಗ ನಡೆಸುವವರು ಕಂಬಳಿ ತಂದು ಅವನ ಹೆಗಲಿಗೆ ಹೊದಿಸಿದರು. ಪಾಲಮ್ಮ ಎದ್ದು ಬಂದಳು. ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಕಂಬಳಿಯ ತುದಿ ಹಿಡಿದು ಎಳೆದು, ಮಡಚಿ, ನಡೆಸುವವರ ಕೈಗೆ ಕೊಟ್ಟಳು.

‘ಅಮ್ಮಾ, ಅದು ಬೇಕ್ರಿ, ಜನ…’

‘ಇದನ್ನ ಹೊದ್ದುಕೊಂಡಿದ್ದೋನು ಈಗ ನಮ್ಮ ಹಟ್ಟಿಯಾಗೆ ಬ್ಯಾರೆಯೋನು ಅದಾನಪ್ಪ,’ ಎಂದಳು ಪಾಲಮ್ಮ. ‘ಇವನಿಗೆ ಸೆಕೆ ಆಗ್ತೈತೆ. ಹಂಗೇ ಹಾಡ್ಲಿ ಬಿಡ್ರಿ.’

ನಡೆಸುವವರು ಕಂಬಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಶಹನವಾಜ ಮುಖ ಅತ್ತ ತಿರುಗಿಸಿ ನಕ್ಕ. ಮುತ್ತುರಾಜ ಎಣ್ಣೆಕಲೆಯ ಅಂಗಿಯಲ್ಲೇ, ಕಾಲಿಗೆ ಮತ್ತೆ ಚಪ್ಪಲಿ ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತಿದ. ಅವನನ್ನು ಗುರುತು ಹಿಡಿಯಲು ಜನರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಸ್ವಲ್ಪ ಹೊತ್ತು ಮೈದಾನದಲ್ಲಿ ಯಾರೂ ಏನನ್ನೂ ಕೂಗಿ ಕೇಳಲಿಲ್ಲ. ಅವನು ಮೈಕಿನ ಹತ್ತಿರ ಹೋಗಿ, ಯಾವ ಹಾಡೆಂದು ಗಿಟಾರಿಗೆ ಹೇಳದೆಯೇ, ತನಗೆ ಆಗ ಎಷ್ಟು ದನಿ ಬಂತೋ ಅಷ್ಟರಲ್ಲಿ ಶುರುಮಾಡಿದ.